ವಿಮಾನ ನಿಲ್ದಾಣ ಮುಳುಗದೇ ಇರಬಹುದು, ಪಕ್ಕದ ಊರಿನ ಕಥೆ?

ನೆರೆ ಬರುವ ಜಾಗದಲ್ಲಿ ಸಾವಿರಾರು ಕೋಟಿ ಸುರಿದು ಹೊಸ ವಿಮಾನ ನಿಲ್ದಾಣ ಕಟ್ಟಬೇಕಾ, ಬೇಡ್ವಾ? ಈ ಜಗಳ ಯಾವ ದೇಶದಲ್ಲಿ ಎದ್ದರೂ ಶುರುವಾಗುವ ರೀತಿ ಒಂದೇ. ಒಂದು ಕಡೆಯವರು "ಅದು ನೀರು ನಿಲ್ಲೋ ಜಾಗ, ಒಂದು ದೊಡ್ಡ ಮಳೆಗೆ ಮುಳುಗಿಹೋಗುತ್ತೆ" ಅನ್ನುತ್ತಾರೆ. ಇನ್ನೊಂದು ಕಡೆಯವರು "ನೆದರ್ಲೆಂಡ್ಸ್‌ನವರು ಸಮುದ್ರ ಮಟ್ಟಕ್ಕಿಂತ ಕೆಳಗೇ ಕಟ್ಟಿಲ್ವಾ?" ಅಂತ ಕೇಳುತ್ತಾರೆ. ಮಾತು ಅಲ್ಲಿಗೇ ನಿಂತುಹೋಗುತ್ತದೆ.

ಎರಡನೆಯವರು ಹೇಳುವುದು ಸುಳ್ಳಲ್ಲ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಒಂದು ಕಾಲದ ದೊಡ್ಡ ಸರೋವರದ ತಳದಲ್ಲಿ. ಹಾರ್ಲೆಮರ್‌ಮೇರ್ ಎಂಬ ಆ ಸರೋವರವನ್ನು 1849ರಿಂದ 1852ರವರೆಗೆ ಉಗಿ ಪಂಪುಗಳನ್ನು ಇಟ್ಟು ಬರಿದು ಮಾಡಿದರು. ಇವತ್ತಿಗೂ ಆ ನೆಲ ಸಮುದ್ರ ಮಟ್ಟಕ್ಕಿಂತ 3 ಮೀಟರ್‌ಗೂ ಜಾಸ್ತಿ ಕೆಳಗಿದೆ. ಅಲ್ಲಿ ದಿನವೂ ವಿಮಾನಗಳು ಇಳಿಯುತ್ತವೆ, ಹಾರುತ್ತವೆ.

ಆದರೆ ಈ ಕಥೆ ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಆ ಸರೋವರ ಬರಿದಾಗಿ 170 ವರ್ಷ ದಾಟಿದೆ, ನೀರೆತ್ತುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಮುಗಿಯುವುದೂ ಇಲ್ಲ. ನೀರು ನೋಡಿಕೊಳ್ಳುವುದಕ್ಕೇ ಅಂತ ಅಲ್ಲಿ ಚುನಾಯಿತ ನೀರು ಮಂಡಳಿಗಳಿವೆ, ಅವಕ್ಕೆ ತಮ್ಮದೇ ತೆರಿಗೆ ಇದೆ. ಅವುಗಳ ಬೇರು 13ನೇ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಅಂದರೆ ಮೊದಲು ನೀರಿನ ಆಡಳಿತ ಬಂತು, ವಿಮಾನ ನಿಲ್ದಾಣ ಬಂದಿದ್ದು ಎಷ್ಟೋ ನೂರು ವರ್ಷಗಳ ಮೇಲೆ. ಬೇರೆ ಕಡೆಯವರು ನಿಲ್ದಾಣವನ್ನಷ್ಟೇ ನಕಲು ಮಾಡಿದರೆ ಸಾಕಾಗಲ್ಲ.

ಹಾಗಾಗಿ "ಮುಳುಗುತ್ತಾ?" ಅನ್ನುವ ಪ್ರಶ್ನೆಯಿಂದ ಚರ್ಚೆ ಶುರು ಮಾಡುವುದೇ ತಪ್ಪು ಅಂತ ನನಗನಿಸುತ್ತದೆ. ದುಡ್ಡಿದ್ದರೆ ಎಂಜಿನಿಯರುಗಳು ಹೆಚ್ಚೂಕಡಿಮೆ ಯಾವ ಜಾಗವನ್ನಾದರೂ ಒಣಗಿಸಿ ಇಡಬಲ್ಲರು. ಕೇಳಬೇಕಾದ್ದು ಬೇರೆ. ಅಲ್ಲಿಗೆ ಬರುತ್ತಿದ್ದ ನೀರು ಇನ್ನು ಮುಂದೆ ಎಲ್ಲಿಗೆ ಹೋಗುತ್ತದೆ? ಅದನ್ನು ಹೊರಗಿಡುವ ಖರ್ಚು ಎಷ್ಟು ವರ್ಷ, ಯಾರ ಜೇಬಿನಿಂದ?

ತಗ್ಗು ಜಾಗವೇ ಯಾಕೆ?

ಸುಮ್ನೆ ಯಾರೋ ಬುದ್ಧಿ ಇಲ್ಲದವರು ಆರಿಸಿದ ಜಾಗ ಅಂದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ದೊಡ್ಡ ವಿಮಾನಗಳಿಗೆ 3ರಿಂದ 4 ಕಿಲೋಮೀಟರ್ ಉದ್ದದ ರನ್‌ವೇ ಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹೇಳುವ ಅಳತೆಯ ಪ್ರಕಾರ, ಆ ಇಡೀ ಉದ್ದದಲ್ಲಿ ಅತಿ ಎತ್ತರದ ಬಿಂದುವಿಗೂ ಅತಿ ತಗ್ಗಿನ ಬಿಂದುವಿಗೂ ಇರುವ ವ್ಯತ್ಯಾಸ ಉದ್ದದ ನೂರಕ್ಕೆ 1ರಷ್ಟನ್ನು ಮೀರಬಾರದು. 4 ಕಿಲೋಮೀಟರ್‌ಗೆ ಬರೀ 40 ಮೀಟರ್. ವಿಮಾನ ಇಳಿದು ಏರುವ ದಾರಿಯಲ್ಲಿ ಗುಡ್ಡ ಇರಬಾರದು. ಜನವಸತಿ ಕಡಿಮೆ ಇರಬೇಕು, ಆದರೆ ನಗರದಿಂದ ತೀರಾ ದೂರವೂ ಆಗಬಾರದು.

ಇದೆಲ್ಲ ಒಟ್ಟಿಗೆ ಸಿಗುವುದು ನದಿ ಬಯಲಲ್ಲಿ, ಜವುಗಿನಲ್ಲಿ, ಸಮುದ್ರದ ಅಂಚಿನಲ್ಲಿ. ಅಷ್ಟು ಚಪ್ಪಟೆ ನೆಲವನ್ನು ಮಾಡಿಕೊಟ್ಟಿದ್ದೇ ನೆರೆ. ವರ್ಷ ವರ್ಷವೂ ನೀರು ಬಂದು ಹೂಳು ಹಾಸಿ ಹೋಗಿದ್ದಕ್ಕೇ ಅದು ಅಂಗೈಯಂತೆ ಸಮವಾಗಿದೆ. ಅಲ್ಲಿ ಮನೆ ಕಡಿಮೆ ಇರುವುದಕ್ಕೂ ಕಾರಣ ಬೇರೆ ಇಲ್ಲ. ಹಿಂದಿನವರಿಗೆ ಗೊತ್ತಿತ್ತು, ಗದ್ದೆ ಮಾಡಿದರು, ಮನೆ ಕಟ್ಟಲಿಲ್ಲ. ಈಗ ನಕಾಶೆ ಹಿಡಿದು ಬರುವವರಿಗೆ ಅದು ಖಾಲಿ ಜಾಗದಂತೆ, ಅಗ್ಗದ ಜಾಗದಂತೆ ಕಾಣುತ್ತದೆ.

ಬ್ಯಾಂಕಾಕ್‌ನ ಸುವರ್ಣಭೂಮಿ ನಿಲ್ದಾಣದ ಜಾಗಕ್ಕೆ ಥಾಯ್ ಭಾಷೆಯಲ್ಲಿ ಇದ್ದ ಹಳೇ ಹೆಸರಿನ ಅರ್ಥ "ನಾಗರಹಾವಿನ ಜವುಗು". ಜಾಗದ ಹೆಸರೇ ಅರ್ಧ ವರದಿ ಹೇಳುತ್ತದೆ, ಅಲ್ವಾ?

ಮಣ್ಣು ತುಂಬಿದರೆ ನೀರು ಮಾಯವಾಗುವುದಿಲ್ಲ

ಈಗ ಒಂದು ಲೆಕ್ಕ ಹಾಕೋಣ. ಯಾವುದೋ ನಿಜವಾದ ನಿಲ್ದಾಣದ ಲೆಕ್ಕ ಅಲ್ಲ, ಅಂದಾಜು ಹತ್ತಲಿ ಅಂತ ಮಾತ್ರ. 1,000 ಹೆಕ್ಟೇರ್ ತಗ್ಗು ಜಾಗ ಇದೆ. ನೆರೆಯ ಮಟ್ಟಕ್ಕಿಂತ ಮೇಲೆ ಇರಲಿ ಅಂತ 3 ಮೀಟರ್ ಮಣ್ಣು ತುಂಬಿಸುತ್ತಾರೆ. ಅದಕ್ಕೆ 3 ಕೋಟಿ ಘನ ಮೀಟರ್ ಮಣ್ಣು ಬೇಕು. ಒಂದು ಟಿಪ್ಪರ್‌ನಲ್ಲಿ 10 ಘನ ಮೀಟರ್ ಹಿಡಿಯುತ್ತದೆ ಅಂದರೆ 30 ಲಕ್ಷ ಲೋಡು. ಈ ಮಣ್ಣು ಎಲ್ಲಿಂದಲೋ ಬರಬೇಕು. ಯಾವುದೋ ಗುಡ್ಡ ಕರಗಬೇಕು, ಇಲ್ಲವೇ ಸಮುದ್ರದ ತಳದಿಂದ ಮರಳು ಎತ್ತಬೇಕು. ನವಿ ಮುಂಬೈ ನಿಲ್ದಾಣಕ್ಕೆ ಉಲ್ವೆ ಗುಡ್ಡವನ್ನು ಕಡಿದು ತಗ್ಗು ತುಂಬಿದರು, ಉಲ್ವೆ ನದಿಯ ದಾರಿಯನ್ನೂ ಬದಲಿಸಿದರು.

ಸರಿ, ಜಾಗ ಎತ್ತರವಾಯಿತು. ಮೊದಲು ನೆರೆ ಬಂದಾಗ ಆ ಬಯಲಲ್ಲಿ 1 ಮೀಟರ್ ನೀರು ನಿಲ್ಲುತ್ತಿತ್ತು ಅಂದುಕೊಳ್ಳಿ. ಅಂದರೆ 1 ಕೋಟಿ ಘನ ಮೀಟರ್, ಲೀಟರ್ ಲೆಕ್ಕದಲ್ಲಿ 1,000 ಕೋಟಿ. ಆ ನೀರು ಮುಂದಿನ ಮಳೆಗೂ ಬರುತ್ತದೆ, ಅದಕ್ಕೆ ನಿಲ್ಲಲು ಜಾಗ ಮಾತ್ರ ಇರುವುದಿಲ್ಲ. ಸುತ್ತಲಿನ 50 ಚದರ ಕಿಲೋಮೀಟರ್‌ಗೆ ಸಮನಾಗಿ ಹರಡಿತು ಅಂದರೆ ಎಲ್ಲ ಕಡೆ 20 ಸೆಂಟಿಮೀಟರ್ ಏರುತ್ತದೆ. ನಿಜವಾದ ನೆರೆ ಇಷ್ಟು ಸರಳವಾಗಿ, ಸಮನಾಗಿ ಹರಡುವುದಿಲ್ಲ. ಒಂದು ಊರಿಗೆ ಏನೂ ಆಗದೆ ಇನ್ನೊಂದಕ್ಕೆ ಅರ್ಧ ಮೀಟರ್ ಏರಬಹುದು. 20 ಸೆಂಟಿಮೀಟರ್ ಅಂದರೆ ಗೇಣಿಗಿಂತ ಕಡಿಮೆ. ಹೊಸ್ತಿಲ ಹೊರಗೆ ನಿಲ್ಲುತ್ತಿದ್ದ ನೀರು ಅಡುಗೆಮನೆಗೆ ಬರಲು ಅಷ್ಟು ಸಾಕು.

ಇದರ ಜೊತೆಗೆ ಕಾಂಕ್ರೀಟಿನ ವಿಷಯ. ಗದ್ದೆಯ ಮೇಲೆ ಬಿದ್ದ ಮಳೆಯಲ್ಲಿ ಸ್ವಲ್ಪ ಇಂಗುತ್ತದೆ, ಸ್ವಲ್ಪ ಬದುವಿನ ಒಳಗೆ ನಿಲ್ಲುತ್ತದೆ, ಉಳಿದದ್ದು ನಿಧಾನವಾಗಿ ಹಳ್ಳಕ್ಕೆ ಇಳಿಯುತ್ತದೆ. ರನ್‌ವೇ, ಟ್ಯಾಕ್ಸಿವೇ, ಪಾರ್ಕಿಂಗ್, ಛಾವಣಿಗಳ ಮೇಲೆ ಬಿದ್ದದ್ದು ಕೂಡಲೇ ಓಡುತ್ತದೆ. 500 ಹೆಕ್ಟೇರ್ ಗಟ್ಟಿ ನೆಲದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 50 ಕೋಟಿ ಲೀಟರ್. ನೀರಿನ ಒಟ್ಟು ಮೊತ್ತಕ್ಕಿಂತ ಅದು ಬರುವ ವೇಗ ಜಾಸ್ತಿ ಕಾಟ ಕೊಡುತ್ತದೆ. ಎರಡು ದಿನದಲ್ಲಿ ಹಳ್ಳ ಸೇರಬೇಕಾದ ನೀರು ಎರಡು ಗಂಟೆಯಲ್ಲಿ ಸೇರಿದರೆ ಹಳ್ಳ ಏನು ಮಾಡೀತು?

ಮುಂಬೈನ ಮಿಥಿ ನದಿ ಅಲ್ಲಿನ ಹಳೇ ನಿಲ್ದಾಣದ ಹತ್ತಿರ ಚೂಪಾಗಿ ತಿರುಗುತ್ತದೆ, ರನ್‌ವೇಯ ಅಡಿಯಲ್ಲಿ ಹಾಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಆ ತಿರುವುಗಳ ಬಗ್ಗೆ ಬಹಳ ಚರ್ಚೆಯಾಯಿತು. ಚೆನ್ನೈನಲ್ಲಿ ಎರಡನೇ ರನ್‌ವೇಯನ್ನು ಅಡ್ಯಾರ್ ನದಿಯ ಮೇಲೆ ಸೇತುವೆ ಕಟ್ಟಿ ಉದ್ದ ಮಾಡಿದ್ದಾರೆ. 2015ರ ಡಿಸೆಂಬರ್ ಮೊದಲ ವಾರ ಆ ನಿಲ್ದಾಣ ಕೆಲ ದಿನ ಮುಚ್ಚಿತ್ತು. ಹಾಗಂತ ಎಲ್ಲ ತಪ್ಪನ್ನೂ ರನ್‌ವೇ ತಲೆಗೆ ಕಟ್ಟುವುದು ನ್ಯಾಯವಲ್ಲ. 944 ಮಿಲಿಮೀಟರ್ ಅಂದರೆ ಯಾವ ನಗರವೂ ತಡೆಯಲಾರದು. ಆದರೂ ನದಿ ಬಾಗಿದ ಜಾಗ, ಕಿರಿದಾದ ಜಾಗ ಯಾವಾಗಲೂ ನೀರಿನ ಗಂಟಲು. ಅಲ್ಲಿ ಏನು ಕಟ್ಟಿದರೂ ಅದರ ಲೆಕ್ಕ ಮೇಲಿನ ಊರಿನವರಿಗೆ ಬೀಳುತ್ತದೆ.

ಬ್ಯಾಂಕಾಕ್‌ನ 2011ರ ನೆರೆಯಲ್ಲಿ ಇನ್ನೊಂದು ತರದ ಪಾಠ ಇದೆ. 2006ರಲ್ಲಿ ತೆರೆದ ಸುವರ್ಣಭೂಮಿ ನಿಲ್ದಾಣದ ಸುತ್ತ 3.5 ಮೀಟರ್ ಎತ್ತರದ ಏರಿ ಇದೆ, ಪಂಪುಗಳಿವೆ. ಜಾಗದ ವಿಸ್ತೀರ್ಣ 3,240 ಹೆಕ್ಟೇರ್. ಅದು ಒಣಗಿಯೇ ಉಳಿಯಿತು, ವಿಮಾನಗಳು ಹಾರಿದವು. ನಗರದ ಹಳೇ ನಿಲ್ದಾಣ ಡಾನ್ ಮುವಾಂಗ್‌ನಲ್ಲಿ ಸರ್ಕಾರ ನೆರೆ ಪರಿಹಾರ ಕೇಂದ್ರ ಮಾಡಿಕೊಂಡಿತ್ತು, ಸಂತ್ರಸ್ತರಿಗೆ ಆಸರೆ ಕೊಟ್ಟಿತ್ತು. ಅಕ್ಟೋಬರ್ ಕೊನೆಗೆ ಅದೇ ಮುಳುಗಿತು. ಮತ್ತೆ ತೆರೆದದ್ದು 2012ರ ಮಾರ್ಚ್‌ನಲ್ಲಿ. ಏರಿ ಇದ್ದದ್ದು ಉಳಿಯಿತು, ಇಲ್ಲದ್ದು ಮುಳುಗಿತು ಅಂತ ಎಂಜಿನಿಯರುಗಳು ಇದನ್ನು ತಮ್ಮ ಗೆಲುವೆಂದು ಹೇಳಿಕೊಳ್ಳಬಹುದು, ತಪ್ಪೇನಿಲ್ಲ. ಆದರೆ ಏರಿಗೆ ಎರಡು ಬದಿ ಇರುತ್ತದೆ. ಒಳಬದಿಯನ್ನು ಕಾಯುವುದು ಅಂದರೆ ನೀರನ್ನು ಹೊರಬದಿಗೆ ಬಿಡುವುದು ಅಂತಲೇ ಅರ್ಥ.

ಕೆಸರಿನ ಮೇಲೆ ಭಾರ

ನೀರು ಒಂದು ಕಷ್ಟವಾದರೆ ಅದರ ಕೆಳಗಿನ ಮಣ್ಣು ಇನ್ನೊಂದು. ತಗ್ಗು ಜಾಗಗಳಲ್ಲಿ ಹೆಚ್ಚಾಗಿ ಇರುವುದು ಮೆತ್ತನೆಯ ಜೇಡಿ. ನೆನೆದ ಸ್ಪಂಜಿನ ಮೇಲೆ ಇಟ್ಟಿಗೆ ಇಟ್ಟರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ, ಆದರೆ ವರ್ಷಗಟ್ಟಲೆ. ಜೇಡಿಯೊಳಗಿನ ನೀರು ಬಹಳ ನಿಧಾನವಾಗಿ ಹೊರಬರುತ್ತದೆ, ಅಷ್ಟೇ ನಿಧಾನವಾಗಿ ನೆಲ ಕುಸಿಯುತ್ತದೆ. ಬೇಗ ಮುಗಿಯಲಿ ಅಂತ ನೆಲದೊಳಗೆ ಉದ್ದುದ್ದ ಮರಳಿನ ಕಂಬಗಳನ್ನೋ ಪ್ಲಾಸ್ಟಿಕ್ ಪಟ್ಟಿಗಳನ್ನೋ ಇಳಿಸಿ, ಮೇಲೆ ಮಣ್ಣಿನ ರಾಶಿ ಹೇರಿ, ನೀರನ್ನು ಹಿಂಡಿ ತೆಗೆಯುತ್ತಾರೆ. ಎಲ್ಲ ಕಡೆ ಒಂದೇ ಸಮ ಕುಸಿದರೆ ಚಿಂತೆ ಇಲ್ಲ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಆದಾಗ ರನ್‌ವೇಯಲ್ಲಿ ಉಬ್ಬುತಗ್ಗು, ಕಟ್ಟಡದಲ್ಲಿ ಬಿರುಕು.

ಜಪಾನಿನ ಕನ್ಸಾಯ್ ನಿಲ್ದಾಣ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ನಾನೂ ಕೊಡುತ್ತೇನೆ, ಯಾಕೆಂದರೆ ಅಷ್ಟು ಒಳ್ಳೆಯದು ಬೇರೆ ಇಲ್ಲ. ಒಸಾಕಾ ಕೊಲ್ಲಿಯಲ್ಲಿ ದಡದಿಂದ ಸುಮಾರು 5 ಕಿಲೋಮೀಟರ್ ದೂರ, ಸಮುದ್ರ ತುಂಬಿಸಿ ಮಾಡಿದ ದ್ವೀಪ. ಮಣ್ಣು ಹಾಕಲು ಶುರು ಮಾಡಿದಾಗಿನಿಂದ ಮೊದಲ ದ್ವೀಪ ಸರಾಸರಿ 13 ಮೀಟರ್‌ಗೂ ಜಾಸ್ತಿ ಕುಸಿದಿದೆ. ಇದು ಆಕಸ್ಮಿಕವಲ್ಲ, ಬಹುಪಾಲು ಕುಸಿತವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಟರ್ಮಿನಲ್ ಕಟ್ಟಡದ ಕಂಬಗಳನ್ನು ಜಾಕ್ ಹಾಕಿ ಎತ್ತಿ ಸರಿಮಾಡುವ ವ್ಯವಸ್ಥೆಯನ್ನೂ ಇಟ್ಟಿದ್ದರು. ಕಾರಿನ ಟೈರ್ ಬದಲಿಸುವಾಗ ಮಾಡುವ ಕೆಲಸವನ್ನು ಇಡೀ ಟರ್ಮಿನಲ್‌ಗೆ ಮಾಡುವುದು ಅಂದರೆ ಊಹಿಸಿಕೊಳ್ಳಿ.

1994ರ ಸೆಪ್ಟೆಂಬರ್ 4ರಂದು ಅದು ಶುರುವಾಯಿತು. ಸರಿಯಾಗಿ 24 ವರ್ಷದ ಮೇಲೆ, 2018ರ ಸೆಪ್ಟೆಂಬರ್ 4ರಂದು, ಜೆಬಿ ಎಂಬ ಚಂಡಮಾರುತ ಬಂತು. ಅಲೆಗಳು ತಡೆಗೋಡೆ ಹಾರಿ ಒಳಗೆ ನುಗ್ಗಿ ರನ್‌ವೇ ಮುಳುಗಿತು. ಗಾಳಿಗೆ ಕೊಚ್ಚಿಬಂದ ಒಂದು ಟ್ಯಾಂಕರ್ ಹಡಗು ದ್ವೀಪಕ್ಕಿದ್ದ ಒಂದೇ ಸೇತುವೆಗೆ ಬಡಿಯಿತು. ಸಾವಿರಾರು ಜನ ಒಳಗೇ ಸಿಕ್ಕಿಕೊಂಡರು. ಟರ್ಮಿನಲ್‌ನ ವಿದ್ಯುತ್ ಉಪಕರಣಗಳು ನೆಲಮಾಳಿಗೆಯಲ್ಲಿದ್ದವು, ಅಲ್ಲಿಗೂ ನೀರು ನುಗ್ಗಿ ಕರೆಂಟು ಹೋಯಿತು. ಅಷ್ಟು ಹುಷಾರಾಗಿ ಕಟ್ಟಿದವರು ಕರೆಂಟಿನ ಕೋಣೆಯನ್ನು ಕೆಳಗಿಟ್ಟಿದ್ದರು!

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲೂ ಕರೆಂಟಿನದೇ ಕಥೆ. 1941ರ ದೊಡ್ಡ ನೆರೆಯ ನೆನಪಲ್ಲಿ ಆ ನಗರ ತಡೆಗೋಡೆ, ಏರಿ, ಪಂಪ್‌ಹೌಸ್ ಎಲ್ಲ ಕಟ್ಟಿಕೊಂಡಿತ್ತು. 2024ರ ಮೇನಲ್ಲಿ ನಗರದ ಪಕ್ಕದ ಗ್ವಾಯಿಬಾ ಸರೋವರದ ನೀರು 1941ರ ಮಟ್ಟವನ್ನೂ ದಾಟಿತು. ಪಂಪುಗಳಲ್ಲಿ ಹೆಚ್ಚಿನವು ಮುಳುಗಿದವು, ಇಲ್ಲವೇ ಕರೆಂಟು ಇಲ್ಲದೆ ನಿಂತವು. ನಿಲ್ದಾಣ ಮೇ 3ರಂದು ಮುಚ್ಚಿದ್ದು, ಮತ್ತೆ ವಿಮಾನ ಇಳಿದದ್ದು ಅಕ್ಟೋಬರ್ 21ಕ್ಕೆ. ಐದೂವರೆ ತಿಂಗಳು! ಪಂಪು ಇದೆ ಅಂತ ಯೋಜನೆಯಲ್ಲಿ ಬರೆದರೆ ಸಾಲದು, ನೆರೆಯ ರಾತ್ರಿ ಆ ಪಂಪಿಗೆ ಕರೆಂಟು ಎಲ್ಲಿಂದ ಅಂತಲೂ ಬರೆಯಬೇಕು.

100 ವರ್ಷಕ್ಕೊಮ್ಮೆ ಅನ್ನುವ ಮಾತು

ಇಂಥ ಯೋಜನೆಗಳ ವರದಿಯಲ್ಲಿ "100 ವರ್ಷಕ್ಕೊಮ್ಮೆ ಬರುವ ನೆರೆಯನ್ನು ತಡೆಯುತ್ತದೆ" ಎಂಬ ಸಾಲು ಇದ್ದೇ ಇರುತ್ತದೆ. ಕೇಳಿದವರಿಗೆ ನೆಮ್ಮದಿ. ಒಮ್ಮೆ ಬಂದರೆ ಇನ್ನು 100 ವರ್ಷ ಬರಲ್ಲ ಅಂದುಕೊಳ್ಳುತ್ತಾರೆ. ಅದರ ಅರ್ಥ ಅದಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರಕ್ಕೆ 1 ಅಂತ ಮಾತ್ರ. ನಿಲ್ದಾಣ 50 ವರ್ಷ ಬಾಳಿದರೆ ಅಷ್ಟರೊಳಗೆ ಒಮ್ಮೆಯಾದರೂ ಅಂಥ ನೆರೆ ನೋಡುವ ಸಾಧ್ಯತೆ ನೂರಕ್ಕೆ 39ಕ್ಕೂ ಜಾಸ್ತಿ. 1,000 ವರ್ಷದ ನೆರೆಗೆ ತಕ್ಕಂತೆ ಕಟ್ಟಿದರೆ ಅದು ನೂರಕ್ಕೆ 5ರ ಹತ್ತಿರ ಇಳಿಯುತ್ತದೆ, ಖರ್ಚು ಏರುತ್ತದೆ.

ಅದೂ ಹಳೇ ಮಳೆಯ ದಾಖಲೆ ಹಿಡಿದು ಹಾಕಿದ ಲೆಕ್ಕ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಹಿಡಿಯುವ ನೀರಾವಿ ಜಾಸ್ತಿ, ಒಂದೊಂದು ಡಿಗ್ರಿಗೆ ಸುಮಾರು ನೂರಕ್ಕೆ 7ರಷ್ಟು. ಸಮುದ್ರವೂ ಏರುತ್ತಿದೆ. ಸಿಂಗಪುರದವರು ಚಾಂಗಿಯ ಹೊಸ 5ನೇ ಟರ್ಮಿನಲ್ಲನ್ನು ಸರಾಸರಿ ಸಮುದ್ರ ಮಟ್ಟಕ್ಕಿಂತ 5.5 ಮೀಟರ್ ಎತ್ತರದಲ್ಲಿ ಕಟ್ಟುತ್ತಿರುವುದು ಇದಕ್ಕೇ.

ಹಕ್ಕಿಗಳ ಮಾತು ಇಲ್ಲೇ ಹೇಳಿಬಿಡುತ್ತೇನೆ, ಎಲ್ಲರೂ ಮರೆಯುವ ವಿಷಯ ಅದು. ಮಳೆನೀರು ಹಿಡಿದಿಡಲು ನಿಲ್ದಾಣದೊಳಗೆ ಕೆರೆ ಮಾಡಿ ಅನ್ನುತ್ತಾರೆ ನೆರೆಯ ತಜ್ಞರು. ಕೆರೆ ಇದ್ದರೆ ಹಕ್ಕಿ ಬರುತ್ತದೆ, ಹಕ್ಕಿ ಎಂಜಿನ್‌ಗೆ ಸಿಕ್ಕರೆ ಏನಾಗುತ್ತದೆ ಅಂತ 2009ರ ಜನವರಿಯಲ್ಲಿ ನ್ಯೂಯಾರ್ಕ್‌ನ ಹಡ್ಸನ್ ನದಿಯ ಮೇಲೆ ಇಳಿದ ವಿಮಾನ ತೋರಿಸಿತು. ಹಕ್ಕಿಗಳ ಭಯಕ್ಕೇ ಅಮೆರಿಕದ ವಿಮಾನಯಾನ ಇಲಾಖೆ ನಿಲ್ದಾಣದ ಹತ್ತಿರ ಹಿಡಿದಿಟ್ಟ ಮಳೆನೀರು 48 ಗಂಟೆಯೊಳಗೆ ಖಾಲಿಯಾಗಲಿ ಅನ್ನುತ್ತದೆ. ಹೊರಗೆ ಹಳ್ಳವೇ ಉಕ್ಕುತ್ತಿರುವಾಗ 48 ಗಂಟೆಯಲ್ಲಿ ಎಲ್ಲಿಗೆ ಖಾಲಿ ಮಾಡೋದು? ಜವುಗಿನಲ್ಲಿ ಜಾಗ ಆರಿಸಿದ ಮೇಲೆ ಈ ಗಂಟನ್ನು ಬಿಡಿಸುವುದು ಬಲು ಕಷ್ಟ.

ದುಡ್ಡಿನ ಲೆಕ್ಕದಲ್ಲಿ ಅಡಗುವ ನೆರೆ

ಲಾಭ ನಷ್ಟದ ವರದಿಯಲ್ಲಿ ಮುಂದಿನ ವರ್ಷಗಳ ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸಿ ಬರೆಯುತ್ತಾರೆ. ಇದು ಎಲ್ಲ ಕಡೆ ಇರುವ ಪದ್ಧತಿ, ಮೋಸ ಅಲ್ಲ. ಆದರೆ ವರ್ಷಕ್ಕೆ ನೂರಕ್ಕೆ 8ರ ದರ ಹಿಡಿದರೆ 50 ವರ್ಷದ ಮೇಲೆ ಬರುವ 100 ಕೋಟಿಯ ನಷ್ಟ ಇವತ್ತಿನ ಕಾಗದದಲ್ಲಿ 2 ಕೋಟಿ ಚಿಲ್ಲರೆ ಆಗಿಬಿಡುತ್ತದೆ. ನೂರಕ್ಕೆ 3 ಹಿಡಿದರೆ ಅದೇ ನಷ್ಟ ಸುಮಾರು 23 ಕೋಟಿ. ಮೊಮ್ಮಕ್ಕಳ ಕಾಲದ ನೆರೆ ದೊಡ್ಡದೋ ಚಿಕ್ಕದೋ ಅನ್ನುವುದನ್ನು ಮಳೆಗಿಂತ ಮೊದಲು ಒಂದು ಎಕ್ಸೆಲ್ ಹಾಳೆ ತೀರ್ಮಾನ ಮಾಡುತ್ತದೆ. ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಈ ದರವನ್ನೇ.

ಇನ್ನೊಂದು, ಪಕ್ಕದ ಊರಿಗೆ ಏರುವ 20 ಸೆಂಟಿಮೀಟರ್ ನೀರು ಈ ವರದಿಯ ಯಾವ ಕಾಲಂನಲ್ಲಿಯೂ ಸಾಮಾನ್ಯವಾಗಿ ಇರುವುದಿಲ್ಲ. ಅದು ನಿಲ್ದಾಣದ ಖರ್ಚಲ್ಲ, ಆ ಊರಿನವರ ಖರ್ಚು. ಬೆಲೆ ಕಮ್ಮಿ ಕಾಣುವುದು ಅದಕ್ಕೇ.

ಬೇಡ ಅನ್ನುವುದೂ ಪುಕ್ಕಟೆಯಲ್ಲ. ಮೆಕ್ಸಿಕೋ ನಗರದ ಹೊಸ ನಿಲ್ದಾಣವನ್ನು ಟೆಸ್ಕೊಕೊ ಎಂಬ ಹಳೇ ಸರೋವರದ ತಳದಲ್ಲಿ ಕಟ್ಟುತ್ತೇವೆ ಅಂತ 2014ರಲ್ಲಿ ಘೋಷಿಸಿದರು. ಅದಕ್ಕೂ ಮುಂಚೆ 2001ರಲ್ಲಿ ಅದೇ ಭಾಗದಲ್ಲಿ ಒಂದು ಯೋಜನೆ ಬಂದು, ಅಟೆಂಕೊ ರೈತರ ಹೋರಾಟದಿಂದ 2002ರಲ್ಲಿ ನಿಂತಿತ್ತು. ಈ ಸಲದ ಅಂದಾಜು ಸುಮಾರು 1,300 ಕೋಟಿ ಡಾಲರ್. ನಗರ ನಿಂತಿರುವುದೇ ಕುಸಿಯುವ ಜೇಡಿಯ ಮೇಲೆ, ನಿಲ್ದಾಣದ ಜಾಗ ಅದಕ್ಕಿಂತ ಮೆತ್ತಗೆ. 2018ರ ಅಕ್ಟೋಬರ್‌ನಲ್ಲಿ, ಕೆಲಸ ಅರ್ಧಂಬರ್ಧ ಆಗಿದ್ದಾಗ, ಜನಾಭಿಪ್ರಾಯ ಕೇಳಿದರು. ಸುಮಾರು 10 ಲಕ್ಷ ಜನ ಓಟು ಹಾಕಿದರು, ನೂರಕ್ಕೆ 70ರಷ್ಟು ಮಂದಿ ಟೆಸ್ಕೊಕೊ ಬೇಡ ಅಂದರು. ಯೋಜನೆ ರದ್ದಾಯಿತು. ಬದಲಿಗೆ ಸಾಂಟಾ ಲೂಸಿಯಾದ ವಾಯುಸೇನಾ ನೆಲೆಯಲ್ಲಿ ಕಟ್ಟಿದ ನಿಲ್ದಾಣ 2022ರ ಮಾರ್ಚ್‌ನಲ್ಲಿ ತೆರೆಯಿತು. ಟೆಸ್ಕೊಕೊಗೆ ಎತ್ತಿದ ಸಾಲವನ್ನು ಮಾತ್ರ ನಗರದ ಹಳೇ ನಿಲ್ದಾಣದ ಪ್ರಯಾಣಿಕರ ಶುಲ್ಕದಿಂದ ತೀರಿಸಬೇಕಾಯಿತು. ಕಟ್ಟದೇ ಇದ್ದ ನಿಲ್ದಾಣಕ್ಕೆ ಟಿಕೆಟಿನಲ್ಲಿ ದುಡ್ಡು!

ಇದರಲ್ಲಿ ಯಾರು ಸರಿ ಅನ್ನುವುದಕ್ಕಿಂತ ಪ್ರಶ್ನೆ ಬಂದ ಹೊತ್ತು ನನಗೆ ಮುಖ್ಯ ಅನಿಸುತ್ತದೆ. ಮಣ್ಣು ಬಿದ್ದ ಮೇಲೆ ಕೇಳಿದರೆ ಎರಡೂ ಉತ್ತರ ದುಬಾರಿ. ಚೆನ್ನೈನ ಎರಡನೇ ನಿಲ್ದಾಣಕ್ಕೆ ಪರಂದೂರನ್ನು ಆರಿಸಿದ್ದು 2022ರಲ್ಲಿ. ಅಲ್ಲಿನ ಕೆರೆಗಳ, ಕಂಬನ್ ಕಾಲುವೆಯ ಗತಿ ಏನು ಅಂತ ಏಕನಾಪುರಂ ಊರಿನವರು ಅಂದಿನಿಂದ ಹೋರಾಡುತ್ತಿದ್ದಾರೆ. ನೀರಿನ ಹರಿವು ನೋಡುವ ತಜ್ಞರ ಸಮಿತಿ ಬಂದಿದ್ದು ಜಾಗ ಪ್ರಕಟವಾದ ಮೇಲೆ. ಬಹುತೇಕ ಎಲ್ಲ ಕಡೆ ಇದೇ ಕ್ರಮ. ಜಾಗ ಮೊದಲು, ನೀರು ಆಮೇಲೆ. ಇದನ್ನು ತಿರುಗಿಸಿದರೆ ಅರ್ಧ ಜಗಳ ಕಡಿಮೆಯಾದೀತು.

ತಗ್ಗು ಜಾಗ ಅಂದ ಮಾತ್ರಕ್ಕೆ ಯಾವತ್ತೂ ಕಟ್ಟಲೇಬಾರದು ಅಂತ ನಾನು ಹೇಳಲಾರೆ. ಎತ್ತರದ ಜಾಗದಲ್ಲಿ ಕಾಡು ಇರಬಹುದು, ಸಾವಿರಾರು ಮನೆ ಇರಬಹುದು. ಹಳೇ ನಿಲ್ದಾಣದಲ್ಲಿ ಇನ್ನು ವಿಮಾನ ಹಿಡಿಸದೇ ಇರಬಹುದು. ಆದರೆ ಕಟ್ಟುವವರ ಹತ್ತಿರ ಒಂದು ನಕಾಶೆ ಇರಲೇಬೇಕು. ನಿಲ್ದಾಣ ಬರುವ ಮೊದಲು, ಬಂದ ಮೇಲೆ, ಸುತ್ತಲಿನ ಪ್ರತಿ ಊರಲ್ಲಿ ನೀರು ಎಷ್ಟು ಏರುತ್ತದೆ ಅಂತ ತೋರಿಸುವ ನಕಾಶೆ. ಅದನ್ನು ಊರಿನವರ ಭಾಷೆಯಲ್ಲಿ, ಅವರ ಮುಂದೆ ಇಡಬೇಕು. ತುಂಬಿದಷ್ಟು ಜಾಗಕ್ಕೆ ಬದಲಾಗಿ ನೀರು ನಿಲ್ಲುವ ಬೇರೆ ಜಾಗ ಎಲ್ಲಿ ಅಂತ ಅದರಲ್ಲಿ ಗುರುತಿರಬೇಕು. ಆ ಜಾಗವನ್ನು ರನ್‌ವೇಗಿಂತ ಮೊದಲು ಸಿದ್ಧ ಮಾಡಬೇಕು, ಆಮೇಲೆ ನೋಡೋಣ ಅಂದದ್ದು ಯಾವತ್ತೂ ಆಗಲ್ಲ.

ಕೊಚ್ಚಿಯವರಿಗೆ ಇದು ಕಟ್ಟಿ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. 1999ರಲ್ಲಿ ಶುರುವಾದ ಆ ನಿಲ್ದಾಣ ಪೆರಿಯಾರ್ ನದಿಯ ಹತ್ತಿರದ ಬಯಲಲ್ಲಿದೆ. ಚೆಂಗಲ್ ತೋಡು ಎಂಬ ಹಳ್ಳ ಪಕ್ಕದಲ್ಲೇ ಹರಿಯುತ್ತದೆ. 2018ರ ಆಗಸ್ಟ್ 15ರಂದು ನೀರು ನುಗ್ಗಿ ಎರಡು ವಾರ ಮುಚ್ಚಿತು. ಕಾಂಪೌಂಡ್ ಗೋಡೆ ಸುಮಾರು 2.6 ಕಿಲೋಮೀಟರ್ ಉದ್ದಕ್ಕೆ ಬಿದ್ದುಹೋಯಿತು. ವಿಮಾನಗಳು ನೌಕಾಪಡೆಯ ನೆಲೆಯಲ್ಲಿ ಇಳಿದವು. 2019ರ ಆಗಸ್ಟ್‌ನಲ್ಲಿ ಮತ್ತೆ ಕೆಲ ದಿನ ಬಂದ್. ಆಮೇಲೆ ನಿಲ್ದಾಣದ ಕಂಪನಿ "ಆಪರೇಷನ್ ಪ್ರವಾಹ್" ಅಂತ ಒಂದು ಕೆಲಸ ಶುರು ಮಾಡಿತು. ಗೋಡೆಯನ್ನು ಎತ್ತರಿಸಿ ಸುಮ್ಮನಾಗಲಿಲ್ಲ. ಗೋಡೆಯಾಚೆಗೆ ಹೋಗಿ, ಊರುಗಳ ಹಳ್ಳ ತೋಡುಗಳ ಹೂಳು ತೆಗೆಸಿತು, ನೀರಿಗೆ ಅಡ್ಡಿಯಾಗಿದ್ದ ಕಡೆ ಹೊಸ ಸೇತುವೆ ಕಟ್ಟಿಸಿತು.